ಓದುಗರ ಪ್ರಶ್ನೆ: ಲಿಬ್ರೆಆಫೀಸ್, ಓಪನ್‌ಆಫೀಸ್ ಒಂದಾಗಬಾರದೇಕೆ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದರೂ ಮತ್ತೆ ಬರುತ್ತದೆ. ಎರಡೂ ಪತ್ರ, ಲೆಕ್ಕದ ಹಾಳೆ ಮಾಡಲು ಬಳಸುವ ಉಚಿತ ಆಫೀಸ್ ತಂತ್ರಾಂಶಗಳು. ಈ ಸಲ ಪೂರ್ತಿ ಬರೆದಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುವುದು.

ಹಿಂದಿನ ಕಥೆ ಇಷ್ಟು. 2010ರಲ್ಲಿ ಓಪನ್‌ಆಫೀಸಿನ ಒಡೆತನವಿದ್ದ ಸನ್ ಕಂಪನಿ ಒರಾಕಲ್ ಕಂಪನಿಯ ಪಾಲಾಯಿತು. ಅದೇ ಸೆಪ್ಟೆಂಬರಿನಲ್ಲಿ ಓಪನ್‌ಆಫೀಸ್ ಬಳಗದ ಹಲವರು ಹೊರಬಂದು ಲಿಬ್ರೆಆಫೀಸ್ ಶುರುಮಾಡಿದರು. 2011ರಲ್ಲಿ ಒರಾಕಲ್ ಓಪನ್‌ಆಫೀಸನ್ನು ತಂತ್ರಾಂಶ ಪ್ರಾಜೆಕ್ಟುಗಳನ್ನು ನೋಡಿಕೊಳ್ಳುವ ಅಪಾಚೆ ಫೌಂಡೇಶನ್ ಅನ್ನುವ ಸಂಸ್ಥೆಗೆ ಬಿಟ್ಟುಕೊಟ್ಟಿತು.

ಜನ ಎಡವುವುದು ಇದಾದ ಮೇಲೆ. 'ಎರಡೂ ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದದ್ದು ಅಲ್ವಾ? ಇವರ ಕೋಡ್ ಅವರು, ಅವರ ಕೋಡ್ ಇವರು ತಗೊಂಡರಾಯಿತು' ಅನ್ನುತ್ತಾರೆ. ಹಾಗಲ್ಲ. ಓಪನ್ ಸೋರ್ಸ್ ಅಂದರೆ ಕೋಡಿಗೆ ಮಾಲೀಕರಿಲ್ಲ ಅಂತ ಅರ್ಥವಲ್ಲ. ಬರೆದವರೇ ಮಾಲೀಕರು. ಯಾವ ಷರತ್ತಿನ ಮೇಲೆ ಬಳಸಬಹುದು ಅನ್ನುವುದನ್ನು ಲೈಸೆನ್ಸ್ ಹೇಳುತ್ತದೆ.

ಓಪನ್‌ಆಫೀಸಿನದು ಅಪಾಚೆ 2.0 ಲೈಸೆನ್ಸ್. ಹೆಸರು, ಸೂಚನೆಗಳನ್ನು ಉಳಿಸಿಕೊಂಡರೆ ಸಾಕು, ಕೋಡ್ ಯಾರಾದರೂ ಒಯ್ಯಬಹುದು. ಲಿಬ್ರೆಆಫೀಸಿನದು ಎಂಪಿಎಲ್ (ಮೊಜಿಲ್ಲಾ ಪಬ್ಲಿಕ್ ಲೈಸೆನ್ಸ್) 2.0. ಅದರ ಒಂದು ಫೈಲ್ ತಿದ್ದಿ ಹಂಚಿದರೆ, ಆ ಫೈಲಿನ ಸೋರ್ಸನ್ನೂ ಅದೇ ಲೈಸೆನ್ಸಿನಲ್ಲಿ ಕೊಡಬೇಕು. ಇಂಥ ಷರತ್ತಿನ ಸೋರ್ಸ್ ಕೋಡನ್ನು ಅಪಾಚೆ ತನ್ನ ಬಿಡುಗಡೆಗಳಲ್ಲಿ ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಇದು ಒನ್‌ವೇ ರಸ್ತೆ. 2013ರಲ್ಲಿ ಓಪನ್‌ಆಫೀಸ್ 4.0ಕ್ಕೆ ಬಂದ ಸೈಡ್‌ಬಾರ್ (ಪಕ್ಕದ ಪಟ್ಟಿ) ಅದೇ ವರ್ಷ ಲಿಬ್ರೆಆಫೀಸ್ 4.1ಕ್ಕೂ ಬಂತು. ಲಿಬ್ರೆಆಫೀಸಿನಲ್ಲಿ ಆದ ಕೆಲಸ ಆ ಕಡೆ ಹೋಗಲಾರದು.

ಲೈಸೆನ್ಸ್ ಬದಲಿಸಬಾರದೇ? ಲಿಬ್ರೆಆಫೀಸಿನಲ್ಲಿ ಕಾಪಿರೈಟ್ ಆಯಾ ಬರೆದವರದ್ದೇ, ಸಂಸ್ಥೆಯದ್ದಲ್ಲ. ಅಷ್ಟೂ ಜನರನ್ನು ಹುಡುಕಿ ಒಪ್ಪಿಸಬೇಕು. ಇದು ಯಾರದೋ ಹಟ ಅಂತ ಬರೆಯುವವರು ದಯವಿಟ್ಟು ಇದನ್ನು ಇನ್ನೊಮ್ಮೆ ಓದಿ.

ಹಾಗಾದರೆ ಬೇರೆ ಬೇರೆ ಪ್ರಾಜೆಕ್ಟುಗಳು ಕೂಡಿ ಕೆಲಸ ಮಾಡುವುದೇ ಇಲ್ಲವೇ? ಇದನ್ನು ಯಾರೂ ಕೇಳಲಿಲ್ಲ, ಆದರೆ ನನಗೆ ಹೇಳಲೇಬೇಕು. 'ಸ್ತ್ರೀ' ಅಂತ ಟೈಪ್ ಮಾಡಿ. ಒಳಗೆ ಕೂತಿರುವುದು ಆರು ಸಂಕೇತ: ಸ, ವಿರಾಮ (ಅಕ್ಷರ ಕೂಡಿಸುವ ್ ಚಿಹ್ನೆ), ತ, ವಿರಾಮ, ರ, ಈಕಾರ. ಇವನ್ನು ಒತ್ತು, ದೀರ್ಘ ಎಲ್ಲ ಸರಿಯಾದ ಜಾಗಕ್ಕೆ ಕೂರಿಸುವುದು ಹಾರ್ಫ್‌ಬಝ್ ಅನ್ನುವ ಲೈಬ್ರರಿ, ಅಂದರೆ ಹಲವು ತಂತ್ರಾಂಶಗಳು ಹಂಚಿಕೊಳ್ಳುವ ಸಿದ್ಧ ಕೋಡ್. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲವೂ ಬಳಸುವುದು ಅದನ್ನೇ. ಅಲ್ಲಿ ಕನ್ನಡದ ಒಂದು ದೋಷ ಸರಿಹೋದರೆ ಮುಂದಿನ ಅಪ್‌ಡೇಟುಗಳಲ್ಲಿ ಇಷ್ಟೂ ಕಡೆ ಸರಿಹೋಗುತ್ತದೆ. ಒಂದಾಗದೆಯೂ ಕೂಡಿ ಕೆಲಸ ಮಾಡುವುದು ಹೀಗೆ.

ಅದಕ್ಕೇ ಒತ್ತಕ್ಷರ ಒಡೆದು ಕಂಡರೆ ಸುಮ್ನೆ ಲಿಬ್ರೆಆಫೀಸನ್ನು ಬಯ್ಯಬೇಡಿ. ಮೊದಲು ಫಾಂಟ್ ಬದಲಿಸಿ ನೋಡಿ. ಸರಿಹೋದರೆ ತಪ್ಪು ಬಹುಶಃ ಫಾಂಟಿನದು. ಯಾವ ಫಾಂಟಿನಲ್ಲೂ ಸರಿಹೋಗದೆ, ಫೈರ್‌ಫಾಕ್ಸಿನಲ್ಲೂ ಹಾಗೇ ಕಂಡರೆ, ಆ ಪದ ಮತ್ತು ಸ್ಕ್ರೀನ್‌ಶಾಟ್ ಜೊತೆಗೆ ಹಾರ್ಫ್‌ಬಝ್‌ಗೆ ಬಗ್ ವರದಿ ಹಾಕಿ.