ಬಹುಮಾನದ ಹುಂಜ, ಒಳ್ಳೆಯ ಹೇಂಟೆ, ಮರಿಗಳೇಕೆ ಹಾಗಿಲ್ಲ?

ಪ್ರಶ್ನೆ: ಪ್ರದರ್ಶನದಲ್ಲಿ ಬಹುಮಾನ ಗೆದ್ದ ಹುಂಜವೊಂದನ್ನು ತಂದು, ಅಷ್ಟೇ ಒಳ್ಳೆಯ ಹೇಂಟೆಯೊಂದಿಗೆ ಬಿಟ್ಟು ಮರಿ ಮಾಡಿಸಿದೆ. ಎರಡೂ ಒಂದೇ ಪಾರಂಪರಿಕ ತಳಿಯವು, ಬೆರಕೆಯಲ್ಲ. ಆದರೂ ಬೆಳೆದ 14 ಮರಿಗಳಲ್ಲಿ ಒಂದೂ ಮಾನದಂಡಕ್ಕೆ ಹೊಂದುತ್ತಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಕೋಳಿಗಳಲ್ಲಿ ದೋಷವಿರಬೇಕೆಂದೇನಿಲ್ಲ. ತೀರ್ಪುಗಾರರು ನೋಡುವುದು ಆ ದಿನ ಎದುರಿಗೆ ನಿಂತ ಹಕ್ಕಿಯ ಮೈಯನ್ನು. ಮರಿಗೆ ದಾಟುವುದು ಆ ಹಕ್ಕಿಯ ಹಿಂದಿನ ಹಲವು ತಲೆಮಾರುಗಳು ಅದರೊಳಗೆ ಇಟ್ಟುಹೋದದ್ದು. ಬೇರೆ ಬೇರೆ ಸಾಕಣೆದಾರರಲ್ಲಿ ಬಹುಕಾಲ ಪ್ರತ್ಯೇಕವಾಗಿ ಬೆಳೆದ ಎರಡು ವಂಶಗಳಿಂದ ಒಂದೊಂದು ಉತ್ತಮ ಹಕ್ಕಿಯನ್ನು ಆರಿಸಿ ಕೂಡಿಸಿದರೆ, ತಳಿಯ ಹೆಸರು ಒಂದೇ ಆಗಿದ್ದರೂ, ಎರಡು ವಂಶಗಳಲ್ಲಿ ಬೇರೆ ಬೇರೆ ರೀತಿಯಲ್ಲಿ ಸಾಧಿಸಿದ್ದ ಸಮತೋಲನಗಳು ಮರಿಗಳಲ್ಲಿ ಚದುರಿಹೋಗುತ್ತವೆ. ಅದರ ಮೇಲೆ 14 ಮರಿಗಳೆಂಬುದು ಆಯ್ಕೆಗೆ ತೀರ ಸಣ್ಣ ಸಂಖ್ಯೆ.

ಮಾನದಂಡವೆಂದರೇನು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ 1873ರಲ್ಲಿ ಸ್ಥಾಪನೆಯಾಗಿ, ಮರುವರ್ಷವೇ ತನ್ನ ಮಾನದಂಡದ ಪುಸ್ತಕವನ್ನು ಹೊರತಂದಿತು. ಪ್ರತಿ ತಳಿಯ ಮೈಕಟ್ಟು, ಜುಟ್ಟು, ಗರಿಯ ಬಣ್ಣ, ಕಾಲಿನ ಬಣ್ಣ, ತೂಕ ಎಲ್ಲವನ್ನೂ ಅದು ಹೇಳುತ್ತದೆ. ರೋಡ್ ಐಲೆಂಡ್ ರೆಡ್ ತಳಿಯ ಪೂರ್ಣ ಬೆಳೆದ ಹುಂಜ 8.5 ಪೌಂಡ್, ಎಂದರೆ ಸುಮಾರು 3.9 ಕೆ.ಜಿ. ತೂಗಬೇಕು, ಹೇಂಟೆ 6.5 ಪೌಂಡ್. ಮೊಟ್ಟೆಗಾಗಿಯೇ ಆಯ್ದು ಬೆಳೆಸಿದ ಅದೇ ಹೆಸರಿನ ಹ್ಯಾಚರಿ ಕೋಳಿಗಳು ಸಾಮಾನ್ಯವಾಗಿ ಇದಕ್ಕಿಂತ ಹಗುರ, ಬಣ್ಣವೂ ಮಾಸಲು. ಪಾರಂಪರಿಕ ಎನಿಸಿಕೊಳ್ಳಬೇಕಾದರೆ ಕೋಳಿ ಸಹಜವಾಗಿ ಕೂಡಿ ಸಂತಾನ ಪಡೆಯಬೇಕು, ಬಯಲಿನಲ್ಲಿ ದೀರ್ಘಕಾಲ ಬಾಳಬೇಕು, ನಿಧಾನವಾಗಿ ಬೆಳೆಯಬೇಕು; ಮಾಂಸದ ತೂಕಕ್ಕೆ ಬರಲು ಕನಿಷ್ಠ 16 ವಾರ ತೆಗೆದುಕೊಳ್ಳಬೇಕೆಂಬುದು ಅಪರೂಪದ ಸಾಕುಪ್ರಾಣಿ ತಳಿಗಳನ್ನು ಉಳಿಸಲು ದುಡಿಯುವ ಅಮೆರಿಕದ ಲೈವ್‌ಸ್ಟಾಕ್ ಕನ್ಸರ್ವೆನ್ಸಿ ಸಂಸ್ಥೆ ಕೊಟ್ಟಿರುವ ವ್ಯಾಖ್ಯೆ. ಈ ನಿಧಾನದ ಕಾರಣದಿಂದಲೇ ಮರಿಗಳ ಬಗ್ಗೆ ಬೇಗ ತೀರ್ಮಾನಕ್ಕೆ ಬರಲಾಗದು.

ಕೆಲವು ಗುಣಗಳಲ್ಲಿ ಎಷ್ಟೇ ಒಳ್ಳೆಯ ಜೋಡಿಯಿಂದಲೂ ಎಲ್ಲ ಮರಿಗಳೂ ಸರಿಯಾಗಿ ಹುಟ್ಟುವುದು ಸಾಧ್ಯವಿಲ್ಲ. ನೀಲಿ ಆಂಡಲೂಷಿಯನ್ ತಳಿ ಇದಕ್ಕೆ ಹಳೆಯ ಉದಾಹರಣೆ. ನೀಲಿ ಬಣ್ಣಕ್ಕೆ ಅದರ ವಂಶವಾಹಿಯ (ಜೀನ್) ಒಂದೇ ಪ್ರತಿ ಬೇಕು; ಒಂದೂ ಇಲ್ಲದಿದ್ದರೆ ಹಕ್ಕಿ ಕಪ್ಪು, ಎರಡಿದ್ದರೆ ಬಿಳಿಚು. ನೀಲಿಗೆ ನೀಲಿ ಕೂಡಿದಾಗ ಸರಾಸರಿಯಲ್ಲಿ ಅರ್ಧ ಮರಿಗಳು ನೀಲಿ, ಕಾಲುಭಾಗ ಕಪ್ಪು, ಉಳಿದ ಕಾಲುಭಾಗ ಕಲೆಗಳಿರುವ ಬಿಳಿಚು ಬಣ್ಣದವು. ಇದು ಸಾಕಣೆದಾರನ ಸೋಲಲ್ಲ. ಕಪ್ಪನ್ನೂ ಬಿಳಿಚನ್ನೂ ಕೂಡಿಸಿದರೆ ಮರಿಗಳೆಲ್ಲ ನೀಲಿಯಾಗುತ್ತವೆ. ಆದ್ದರಿಂದ ಪ್ರದರ್ಶನಕ್ಕೆ ಸಲ್ಲದ ಆ ಹಕ್ಕಿಗಳನ್ನೂ ಮೈಕಟ್ಟು ಚೆನ್ನಾಗಿದ್ದರೆ ಉಳಿಸಿಕೊಳ್ಳಬೇಕು.

ವಯಾಂಡಾಟ್ ತಳಿಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಅದಕ್ಕೆ ಇರಬೇಕಾದದ್ದು ತಲೆಗೆ ಅಂಟಿದಂತಿರುವ ಅಗಲವಾದ ಗುಲಾಬಿ ಜುಟ್ಟು. ಅದು ಪ್ರಬಲ ಗುಣ, ಎಂದರೆ ಒಂದೇ ಪ್ರತಿ ಇದ್ದರೂ ಹೊರಗೆ ಕಾಣುತ್ತದೆ. ನೇರವಾಗಿ ನಿಲ್ಲುವ ಒಂಟಿ ಜುಟ್ಟು ಅಪ್ರಬಲ, ಕಾಣಿಸಿಕೊಳ್ಳಲು ಎರಡು ಪ್ರತಿ ಬೇಕು. ಎರಡೂ ಪಾಲಕರು ಒಂಟಿ ಜುಟ್ಟಿನ ಗುಣವನ್ನು ಮರೆಯಲ್ಲಿ ಹೊತ್ತಿದ್ದರೆ ಸರಾಸರಿ 4ರಲ್ಲಿ 1 ಮರಿಗೆ ಒಂಟಿ ಜುಟ್ಟು ಬರುತ್ತದೆ. ಹೊತ್ತಿರುವ ಹುಂಜಗಳನ್ನು ತೆಗೆದುಹಾಕಿಬಿಟ್ಟರಾಯಿತಲ್ಲ ಎನಿಸಬಹುದು. ಆದರೆ ಗುಲಾಬಿ ಜುಟ್ಟಿನ ಎರಡು ಪ್ರತಿಗಳಿರುವ ಹುಂಜಗಳ ಫಲವಂತಿಕೆ ಕಡಿಮೆ. ಒಂದು ಪ್ರತಿ ಇರುವವೇ ಹೆಚ್ಚು ಮರಿಗಳಿಗೆ ತಂದೆಯಾಗುವುದರಿಂದ, ಒಂಟಿ ಜುಟ್ಟು ಆ ತಳಿಯಿಂದ ಪೂರ್ತಿ ಅಳಿಯುವುದೇ ಇಲ್ಲ. ಗಟ್ಟಿಮುಟ್ಟಾದ ಒಂಟಿ ಜುಟ್ಟಿನ ಹೇಂಟೆಯನ್ನು ಸಂತಾನಕ್ಕಾಗಿ ಇಟ್ಟುಕೊಳ್ಳುವುದು ತಪ್ಪಲ್ಲವೆಂದೇ ನನ್ನ ಅಭಿಪ್ರಾಯ.

ಪಟ್ಟೆಗರಿಯ ಬಾರ್ಡ್ ಪ್ಲಿಮತ್ ರಾಕ್‌ನಲ್ಲಿ ಮಾನದಂಡವೇ ಪ್ರಕೃತಿಯ ಎದುರು ನಿಂತಿದೆ. ಪಟ್ಟೆಯ ವಂಶವಾಹಿ ಇರುವುದು ಲಿಂಗ ನಿರ್ಧರಿಸುವ ವರ್ಣತಂತುವಿನಲ್ಲಿ. ಹುಂಜಕ್ಕೆ ಅದರ ಎರಡು ಪ್ರತಿ, ಹೇಂಟೆಗೆ ಒಂದೇ; ಪ್ರತಿ ಹೆಚ್ಚಿದಂತೆ ಬಣ್ಣ ತಿಳಿಯಾಗುತ್ತದೆ. ಹಾಗಾಗಿ ಒಡಹುಟ್ಟಿದವುಗಳಲ್ಲೇ ಹುಂಜ ತಿಳಿ, ಹೇಂಟೆ ಗಾಢ. ಪ್ರದರ್ಶನದಲ್ಲಿ ಮಾತ್ರ ಎರಡೂ ಒಂದೇ ಛಾಯೆಯಲ್ಲಿ ಕಾಣಬೇಕು. ಹೀಗಾಗಿ ಹಿಂದಿನ ಸಾಕಣೆದಾರರು ಎರಡು ಪ್ರತ್ಯೇಕ ಸಾಲುಗಳನ್ನು ನಡೆಸುತ್ತಿದ್ದರು: ಒಂದರಲ್ಲಿ ಸರಿಯಾದ ಛಾಯೆಯ ಹುಂಜಕ್ಕೆ ತೀರ ಗಾಢ ಹೇಂಟೆಗಳನ್ನು ಕೂಡಿಸಿ ಪ್ರದರ್ಶನದ ಹುಂಜಗಳನ್ನು ಪಡೆದರೆ, ಇನ್ನೊಂದರಲ್ಲಿ ತಿಳಿಬಣ್ಣದ ಹುಂಜಕ್ಕೆ ಸರಿಯಾದ ಛಾಯೆಯ ಹೇಂಟೆಗಳನ್ನು ಕೂಡಿಸಿ ಪ್ರದರ್ಶನದ ಹೇಂಟೆಗಳನ್ನು ಪಡೆಯುತ್ತಿದ್ದರು. ನಿಮ್ಮದು ಈ ತಳಿಯಾಗಿದ್ದರೆ, ಗೆದ್ದ ಹುಂಜವೂ ಗೆದ್ದ ಹೇಂಟೆಯೂ ಈ ಎರಡು ಬೇರೆ ಸಾಲುಗಳಿಂದ ಬಂದಿರುವ ಸಾಧ್ಯತೆ ಬಹಳ. ಅಂಥ ಜೋಡಿಯಿಂದ ಎರಡೂ ಕಡೆಯ ಗುಣ ಕೆಡುತ್ತದೆ.

ಬಣ್ಣಕ್ಕಿಂತ ಕಷ್ಟವಾದದ್ದು ಮೈಕಟ್ಟು. ಬೆನ್ನಿನ ಉದ್ದ, ಎದೆಯ ಆಳ, ಬಾಲದ ಕೋನ ಮುಂತಾದವು ಹಲವು ವಂಶವಾಹಿಗಳು ಸೇರಿ ರೂಪಿಸುವ ಗುಣಗಳಾದ್ದರಿಂದ ಒಮ್ಮೆ ಕಳೆದುಕೊಂಡರೆ ಮರಳಿ ಕಟ್ಟಲು ಹಲವು ತಲೆಮಾರುಗಳೇ ಬೇಕಾಗುತ್ತವೆ. ಆದ್ದರಿಂದ ಜೋಡಿ ಆರಿಸುವಾಗ ಹಕ್ಕಿಯನ್ನು ಕೈಗೆತ್ತಿಕೊಂಡು ಎದೆಮೂಳೆ ನೇರವಾಗಿದೆಯೇ, ಬೆನ್ನು ಹಿಂದಿನವರೆಗೂ ಅಗಲವಾಗಿದೆಯೇ ಎಂದು ಮುಟ್ಟಿ ನೋಡಿರಿ. ದಟ್ಟ ಗರಿಗಳು ಕಣ್ಣಿಗೆ ಬಹಳಷ್ಟನ್ನು ಮುಚ್ಚಿಡುತ್ತವೆ. ಒಂದೇ ಬಗೆಯ ದೋಷವಿರುವ ಎರಡು ಹಕ್ಕಿಗಳನ್ನು ಎಂದಿಗೂ ಕೂಡಿಸಬಾರದು. ಅದಕ್ಕಿಂತ ಹೆಚ್ಚಾಗಿ ನಡೆಯುವ ತಪ್ಪೆಂದರೆ, ಅತಿ ದೊಡ್ಡ ಜುಟ್ಟಿಗೆ ಅತಿ ಸಣ್ಣ ಜುಟ್ಟನ್ನು, ಬಾಗಿದ ಬೆನ್ನಿಗೆ ಉಬ್ಬಿದ ಬೆನ್ನನ್ನು ಜೊತೆಮಾಡುವುದು. ಎರಡು ತಪ್ಪುಗಳ ನಡುವೆ ಸರಿಯಾದದ್ದು ಹುಟ್ಟುತ್ತದೆಂಬ ನಿರೀಕ್ಷೆ ಫಲಿಸುವುದು ಅಪರೂಪ. ಮರಿಗಳಲ್ಲಿ ಎರಡೂ ದೋಷಗಳು ಕಾಣಿಸಿಕೊಳ್ಳುತ್ತವೆ. ದೋಷಕ್ಕೆ ಜೊತೆಯಾಗಬೇಕಾದದ್ದು ಆ ಒಂದು ಅಂಶದಲ್ಲಿ ನಿರ್ದೋಷಿಯಾದ ಹಕ್ಕಿ.

ಮುಂದಿನ ಬಾರಿ ಎರಡು ಮೂರು ಹೇಂಟೆಗಳಿಂದ ಸೇರಿ ಕನಿಷ್ಠ 50 ಮರಿಗಳನ್ನಾದರೂ ಬೆಳೆಸಲು ಪ್ರಯತ್ನಿಸಿ. ಹೇಂಟೆಯ ದೇಹದಲ್ಲಿ ಹಿಂದಿನ ಹುಂಜದ ವೀರ್ಯ 2ರಿಂದ 3 ವಾರ ಉಳಿಯುವುದರಿಂದ, ಹುಂಜವನ್ನು ಬದಲಿಸಿದ ಮೇಲೆ ಕನಿಷ್ಠ 3 ವಾರ ಕಾದು ಮೊಟ್ಟೆ ಕೂಡಿಡಬೇಕು. ಯಾವ ಮರಿ ಯಾವ ತಾಯಿಯದೆಂದು ತಿಳಿಯದಿದ್ದರೆ ಆಯ್ಕೆ ಕುರುಡಾಗುತ್ತದೆ. ಹುಟ್ಟಿದ ದಿನವೇ ಕಾಲ್ಬೆರಳುಗಳ ನಡುವಿನ ಚರ್ಮದಲ್ಲಿ ರಂಧ್ರ ಮಾಡುವ ಪದ್ಧತಿಯಲ್ಲಿ, ಎರಡು ಕಾಲುಗಳ ನಾಲ್ಕು ಜಾಗಗಳಿಂದ 16 ಬಗೆಯ ಗುರುತು ಸಿಗುತ್ತದೆ. ವಕ್ರ ಕೊಕ್ಕು, ಜುಟ್ಟಿನ ಪಕ್ಕದಲ್ಲಿ ಮೊಳೆತ ಹೆಚ್ಚುವರಿ ಮೊನೆ, ನುಣುಪಾಗಿರಬೇಕಾದ ಕಾಲಿನ ಮೇಲೆ ಗರಿಯ ಮೊಳಕೆ ಇಂಥವನ್ನು ಎಳೆಯದರಲ್ಲೇ ಗುರುತಿಸಿ ಮೊಟ್ಟೆಯ ಹಿಂಡಿಗೆ ಸೇರಿಸಬಹುದು. ಮೈಕಟ್ಟಿನ ತೀರ್ಮಾನವನ್ನು ಮಾತ್ರ 7–8 ತಿಂಗಳವರೆಗೆ ಮುಂದೂಡಿ. 4 ತಿಂಗಳಲ್ಲಿ ಉದ್ದಕಾಲಿನ, ಒಡ್ಡೊಡ್ಡಾಗಿ ಕಾಣುವ ಹುಂಜಮರಿಯೇ ಎಷ್ಟೋ ಸಲ ಮುಂದೆ ದೊಡ್ಡ ಮೈಯ ಹಕ್ಕಿಯಾಗುತ್ತದೆ.

ಮತ್ತೊಂದು ಹೊಸ ಹುಂಜವನ್ನು ಹೊರಗಿನಿಂದ ತರುವ ಆಸೆಯನ್ನು ತಡೆಯಿರಿ, ಏಕೆಂದರೆ ಪ್ರತಿ ಹೊಸ ರಕ್ತವೂ ನಿಮ್ಮನ್ನು ಮತ್ತೆ ಮೊದಲಿನ ಚದುರುವಿಕೆಗೆ ಒಯ್ಯುತ್ತದೆ. ಹಾಗೆಂದು ಅಣ್ಣ-ತಂಗಿಯರನ್ನೇ ಕೂಡಿಸುತ್ತ ಹೋದರೆ ಮೊದಲ ತಲೆಮಾರಿನಲ್ಲೇ ಒಳಸಂಕರಣದ ಪ್ರಮಾಣ ಶೇ. 25ಕ್ಕೆ ಏರಿ, ಮೊಟ್ಟೆಯೊಡೆಯುವುದು ಕುಂಠಿತವಾಗುತ್ತದೆ. ಇವೆರಡರ ನಡುವಿನ ದಾರಿಯೆಂದರೆ ಹಿಂಡನ್ನು ಮೂರು ಕುಟುಂಬಗಳಾಗಿ ವಿಂಗಡಿಸುವುದು. ಹೆಣ್ಣುಮರಿಗಳು ತಾಯಿಯ ಕುಟುಂಬದಲ್ಲೇ ಉಳಿಯುತ್ತವೆ; ಮೊದಲನೆಯದರ ಹುಂಜಮರಿ ಎರಡನೆಯದಕ್ಕೆ, ಎರಡನೆಯದರದು ಮೂರನೆಯದಕ್ಕೆ, ಮೂರನೆಯದರದು ಮೊದಲನೆಯದಕ್ಕೆ ಹೋಗುತ್ತದೆ. ಈಗಿರುವ ಹುಂಜವನ್ನೂ ಹೇಂಟೆಯನ್ನೂ ಮಾರಿಬಿಡಬೇಡಿ. ಆ 14ರಲ್ಲಿ ಮೈ ಚೆನ್ನಾಗಿರುವ ಹೇಂಟೆಮರಿಯೊಂದಿದ್ದರೆ ಅದನ್ನು ತಂದೆಯೊಂದಿಗೆ ಒಮ್ಮೆ ಕೂಡಿಸಿ, ಬರುವ ಮರಿಗಳು 8 ತಿಂಗಳು ತುಂಬುವವರೆಗೆ ಹಳೆಯ ಜೋಡಿಯನ್ನು ಇಟ್ಟುಕೊಂಡಿರಿ.