ಫಿಲೋತಿಮೊ: ಗೆಳೆತನವೂ ಅಲ್ಲ, ತ್ಯಾಗವೂ ಅಲ್ಲ

ಹಳೆಯ ಗ್ರೀಕ್ ಹಾಸ್ಯ ಸಿನಿಮಾಗಳ ಬಗ್ಗೆ ಬರೆಯುವವರಿಗೆ ಫಿಲೋತಿಮೊ ಅನ್ನೋ ಗ್ರೀಕ್ ಪದ ಸಿಕ್ಕಿಬಿಟ್ಟಿದೆ. ಇಬ್ಬರು ಗೆಳೆಯರು, ಒಬ್ಬಳೇ ಹುಡುಗಿ, ಒಬ್ಬ ಪಕ್ಕಕ್ಕೆ ಸರಿದ. ತಕ್ಷಣ ‘ಇದೇ ಫಿಲೋತಿಮೊ, ಅಂದರೆ ಗೆಳೆತನಕ್ಕಾಗಿ ತ್ಯಾಗ’ ಅಂತ ಷರಾ. ಅಲ್ಲ ರೀ, ಅಲ್ಲ.

ಎಡವಟ್ಟು ಶುರುವಾಗೋದು ‘ಫಿಲೋ’ದಿಂದ. ‘ಫಿಲೋಸ್’ ಅಂದರೆ ಗೆಳೆಯ, ಸರಿ. ಆದರೆ ಜೋಡಿಪದದ ಮೊದಲಿಗೆ ಬಂದರೆ ಅದಕ್ಕೆ ಸಾಮಾನ್ಯವಾಗಿ ‘ಇಷ್ಟಪಡುವ’ ಅನ್ನೋ ಅರ್ಥ. ಫಿಲಾಸಫಿ ಅಂದರೆ ಅರಿವಿನ ಮೇಲಿನ ಪ್ರೀತಿ. ಅದನ್ನು ಯಾರೂ ‘ಜ್ಞಾನಿಯ ಗೆಳೆಯ’ ಅನ್ನಲ್ಲ ಅಲ್ವಾ? ‘ತಿಮಿ’ ಅಂದರೆ ಮಾನ, ಮರ್ಯಾದೆ. ಇವತ್ತಿನ ಅಂಗಡಿಯಲ್ಲಿ ಸಾಮಾನಿನ ಬೆಲೆಗೂ ಅದೇ ಪದ. ಎರಡೂ ಸೇರಿದರೆ ಮಾನದ ಮೇಲಿನ ಆಸೆ. ಇದರಲ್ಲಿ ಗೆಳೆಯ ಎಲ್ಲಿ ಬಂದ?

ಇನ್ನೂ ತಮಾಷೆ ಅಂದರೆ, ಹಳೆಯ ಅಥೆನ್ಸ್‌ನಲ್ಲಿ ಇದರ ಅಕ್ಕನಂಥ ಪದ ‘ಫಿಲೋತಿಮಿಯಾ’ ಪೈಪೋಟಿಗೇ ಹತ್ತಿರ. ಹೆಸರಿಗಾಗಿ ಹಾತೊರೆಯುವವನನ್ನು ಜನ ಒಮ್ಮೆ ಬೈಯುತ್ತಾರೆ, ಒಮ್ಮೆ ಹೊಗಳುತ್ತಾರೆ ಅಂತ ಅರಿಸ್ಟಾಟಲನೇ ಬರೆದಿದ್ದಾನೆ. ಡಯೊನೀಸಸ್ ದೇವರ ಹಬ್ಬದ ನಾಟಕಗಳಲ್ಲಿ ಹಾಡಿ ಕುಣಿಯುವ ಮೇಳಕ್ಕೆ ಊರಿನ ಶ್ರೀಮಂತರು ಕೈಯಿಂದ ದುಡ್ಡು ಹಾಕಬೇಕಿತ್ತು. ಗೆದ್ದರೆ ಹೆಸರು. ಅಲ್ಲಿ ಹಾಸ್ಯನಾಟಕಗಳೂ ಸ್ಪರ್ಧೆಗೆ ಇಳಿಯುತ್ತಿದ್ದವು. ಅಂದರೆ ಗ್ರೀಕ್ ಹಾಸ್ಯ ಬೆಳೆದದ್ದೇ ಈ ಹೆಸರಿನ ಹಪಾಹಪಿಯ ದುಡ್ಡಲ್ಲಿ. ಫಿಲೋತಿಮೊ ಬಗ್ಗೆ ಹಳೆಯ ಗ್ರೀಕ್ ತತ್ವಜ್ಞಾನಿ ಥೇಲೀಸ್ ಹೇಳಿದ್ದು ಅಂತ ಸುಮ್ನೆ ಫಾರ್ವರ್ಡ್ ಮಾಡುವ ಮಾತು ಬೇರೆ ಇದೆ. ಥೇಲೀಸ್ ಬರೆದದ್ದು ಅಂತ ಒಂದು ಸಾಲೂ ಉಳಿದಿಲ್ಲ, ಮಾರಾಯ್ರೇ.

ಈಗಿನ ಅರ್ಥ ಬೇಕಿದ್ದರೆ 1955ರ ‘ಲತೇರ್ನಾ, ಫ್ತೋಹಿಯಾ ಕೇ ಫಿಲೋತಿಮೊ’ ಸಿನಿಮಾ ನೋಡಿ. ನಿರ್ದೇಶನ ಅಲೇಕೋಸ್ ಸಕೆಲಾರಿಯೋಸ್. ಹೆಸರಲ್ಲೇ ಕಥೆಯಿದೆ: ಹಿಡಿ ತಿರುಗಿಸಿ ನುಡಿಸುವ ವಾದ್ಯ, ಬಡತನ, ಆಮೇಲೆ ಫಿಲೋತಿಮೊ. ನಟರಾದ ಅವ್ಲೋನಿತಿಸ್ ಮತ್ತು ಫೊತೋಪುಲೋಸ್ ಇದರಲ್ಲಿ ಆ ವಾದ್ಯ ಹೊತ್ತು ಊರೂರು ಅಲೆಯುವ ಗೆಳೆಯರು. ಮನೆ ಬಿಟ್ಟು ಬಂದ ಶ್ರೀಮಂತರ ಹುಡುಗಿ ಜೊತೆಯಾಗುತ್ತಾಳೆ. ಹುಡುಕಿಕೊಟ್ಟವರಿಗೆ ಅಪ್ಪನಿಂದ ಬಹುಮಾನ ಇದೆ. ಇವರ ಜೇಬು ಖಾಲಿ. ಇಲ್ಲಿ ಪ್ರಶ್ನೆ ತ್ಯಾಗದ್ದಲ್ಲ. ನಂಬಿ ಬಂದವಳನ್ನು ಹಿಡಿದುಕೊಟ್ಟರೆ ನಾಳೆ ಒಬ್ಬರ ಮುಖ ಒಬ್ಬರು ನೋಡೋದು ಹೇಗೆ ಅನ್ನೋದು.

ನಮ್ಮ ‘ಮಾನ’ ಇದಕ್ಕೆ ಹತ್ತಿರ, ‘ಸ್ವಾಭಿಮಾನ’ ಸ್ವಲ್ಪ ದೂರ. ಸ್ವಾಭಿಮಾನಿ ಒಬ್ಬನೇ ಇದ್ದರೂ ನಡೆಯುತ್ತೆ. ಫಿಲೋತಿಮೊಗೆ ನೋಡುವ ಇನ್ನೊಂದು ಜೊತೆ ಕಣ್ಣು ಬೇಕು. ಗ್ರೀಕರಲ್ಲಿ ‘ಅವನನ್ನು ಫಿಲೋತಿಮೊಗೆ ತಂದ’ ಅನ್ನೋ ಮಾತೇ ಇದೆ. ಮಾನಕ್ಕೆ ಚುಚ್ಚಿ ಕೆಲಸ ಮಾಡಿಸಿದ ಅಂತ. ‘ಅಫಿಲೋತಿಮೆ’ ಅಂತ ಬೈದರೆ ‘ಮಾನಗೆಟ್ಟವನೇ’ ಎಂದ ಹಾಗೆ. ಸಲಿಗೆಯಿದ್ದರೆ ಮುದ್ದಿನ ಬೈಗುಳವೂ ಹೌದು.

ಹಾಗಾಗಿ ಒಬ್ಬಳಿಗಾಗಿ ಇಬ್ಬರು ಗೆಳೆಯರು ಕಿತ್ತಾಡುವ ಕಥೆಯಲ್ಲಿ ಈ ಪದ ಎರಡೂ ಕಡೆ ಕೆಲಸ ಮಾಡಬಹುದು. ‘ಗೆಳೆಯನ ಹುಡುಗಿ, ನಾಚಿಕೆ ಆಗಲ್ವಾ’ ಅನ್ನೋದೂ ಫಿಲೋತಿಮೊಗೆ ತರೋದೇ. ‘ಅವನಿಗೆ ಹೆದರಿ ಬಿಟ್ಟುಕೊಡ್ತೀಯಾ’ ಅನ್ನೋದೂ ಅದೇ. ಪಕ್ಕಕ್ಕೆ ಸರಿದವನಿಗೆ ಮಾತ್ರ ಅದನ್ನು ಪದಕದ ಹಾಗೆ ತೊಡಿಸಬೇಡಿ.