ಮದರ್‌ಬೋರ್ಡ್‌ನ ಸಾಟಾ ಪೋರ್ಟ್: ಡಬ್ಬದ ಮೇಲಿರುವುದೆಲ್ಲ ಸಿಗುತ್ತದಾ?

ಮದರ್‌ಬೋರ್ಡ್ ಡಬ್ಬದ ಮೇಲೆ 6 ಗಿಗಾಬಿಟ್ ಸಾಟಾ (ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಜೋಡಿಸುವ ಸಂಪರ್ಕ), ಎನ್‌ಸಿಕ್ಯೂ (ಡ್ರೈವ್ ಹಲವು ಆದೇಶಗಳನ್ನು ಒಟ್ಟಿಗೆ ಪಡೆದು ತನಗೆ ಅನುಕೂಲವಾದ ಕ್ರಮದಲ್ಲಿ ಮಾಡುವುದು), ಹಾಟ್ ಪ್ಲಗ್ (ಮಷೀನ್ ಓಡುತ್ತಿರುವಾಗಲೇ ಡ್ರೈವ್ ಹಾಕಿ ತೆಗೆಯುವುದು) ಅಂತೆಲ್ಲ ಬರೆದಿರುತ್ತದೆ. ಅದು ಕಂಟ್ರೋಲರ್, ಅಂದರೆ ಡ್ರೈವ್‌ಗಳನ್ನು ನಡೆಸುವ ಚಿಪ್, ಕೊಡುವ ಮಾತು. ಡ್ರೈವ್ ಹಾಕಿದ ಮೇಲೆ ಆ ಮಾತು ಎಷ್ಟು ಉಳಿಯುತ್ತದೆ ಅನ್ನೋದನ್ನು ನಾವೇ ನೋಡಿಕೊಳ್ಳಬೇಕು.

ಮೊದಲು ವೇಗದ ಲೆಕ್ಕ. ಸಾಟಾದಲ್ಲಿ 8 ಬಿಟ್ ಡೇಟಾಗೆ 10 ಬಿಟ್ ಹೋಗುತ್ತದೆ. ಹಾಗಾಗಿ 6 ಗಿಗಾಬಿಟ್ ಅಂದರೆ ಸೆಕೆಂಡಿಗೆ 600 ಮೆಗಾಬೈಟ್. ಆದರೆ ಇದು ಡ್ರೈವ್‌ನಿಂದ ಕಂಟ್ರೋಲರ್ ತನಕದ ದಾರಿ ಮಾತ್ರ. ಅಲ್ಲಿಂದ ಮುಂದಿನ ದಾರಿ ಬೇರೆ. ಚಿಪ್‌ಸೆಟ್‌ನ (ಬೋರ್ಡ್‌ನ ಮುಖ್ಯ ಚಿಪ್‌ನ) ಪೋರ್ಟ್ ಸಾಲದೆ ಹೋದಾಗ ಬೋರ್ಡ್‌ಗೆ ಸೇರಿಸುವ ಎಎಸ್‌ಮೀಡಿಯಾ ಎಎಸ್‌ಎಂ1061 ಚಿಪ್ ನೋಡಿ. ಕಂಪ್ಯೂಟರ್‌ನ ಉಳಿದ ಭಾಗಕ್ಕೆ ಡೇಟಾ ಕಳಿಸಲು ಅದಕ್ಕಿರುವುದು ಪಿಸಿಐ ಎಕ್ಸ್‌ಪ್ರೆಸ್ 2.0ರ ಒಂದೇ ಲೇನ್, ಅಂದರೆ ಹೆಚ್ಚೆಂದರೆ 500 ಮೆಗಾಬೈಟ್. ಪೋರ್ಟ್ ಮಾತ್ರ ಎರಡು! ಎರಡಕ್ಕೂ ಎಸ್‌ಎಸ್‌ಡಿ ಹಾಕಿ ಒಟ್ಟಿಗೆ ಓದಿಸಿದರೆ ತಲಾ 250 ಕೂಡ ಕಷ್ಟ. ಯಾವ ಪೋರ್ಟ್ ಯಾವ ಚಿಪ್‌ನದು ಅಂತ ಬೋರ್ಡ್‌ನ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಎಸ್‌ಎಸ್‌ಡಿಯನ್ನು ಚಿಪ್‌ಸೆಟ್‌ನ ಪೋರ್ಟಿಗೇ ಹಾಕಿ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಎಎಚ್‌ಸಿಐ (ಸಾಟಾ ಕಂಟ್ರೋಲರ್ ಜೊತೆ ಆಪರೇಟಿಂಗ್ ಸಿಸ್ಟಂ ಮಾತಾಡುವ ನಿಯಮ) ಪಾಲಿಸುವ ಕಂಟ್ರೋಲರ್‌ನಲ್ಲಿ 'ಕ್ಯಾಪ್' ಅನ್ನೋ 32 ಬಿಟ್‌ನ ರಿಜಿಸ್ಟರ್ ಇದೆ, ತನಗೆ ಏನೇನು ಬರುತ್ತದೆ ಅಂತ ಚಿಪ್ ಹೇಳುವ ಜಾಗ. 30ನೇ ಬಿಟ್ 1 ಆಗಿದ್ದರೆ ಎನ್‌ಸಿಕ್ಯೂ ಬರುತ್ತದೆ ಅಂತ, 31ನೇ ಬಿಟ್ 1 ಆಗಿದ್ದರೆ 64 ಬಿಟ್‌ನ ಮೆಮೊರಿ ವಿಳಾಸ ಬರುತ್ತದೆ ಅಂತ. ಬಿಟ್ ಇದ್ದರೆ ಸೌಲಭ್ಯ ಇದೆ, ಮುಗೀತು ಅಂದುಕೊಂಡಿದ್ದೆ. ಲಿನಕ್ಸ್‌ನ ಎಎಚ್‌ಸಿಐ ಡ್ರೈವರ್‌ನ ಸೋರ್ಸ್ ತೆರೆದಾಗ ಆ ನಂಬಿಕೆ ಹೋಯಿತು. ಅಲ್ಲಿ ಒಂದೊಂದು ಚಿಪ್‌ಗೂ ಒಂದೊಂದು ವಿನಾಯಿತಿ. ಎಎಂಡಿಯ ಎಸ್‌ಬಿ600 64 ಬಿಟ್ ಬರುತ್ತದೆ ಅನ್ನುತ್ತದೆ, ಡ್ರೈವರ್ ಅದನ್ನು ನಂಬದೆ 32ಕ್ಕೆ ಇಳಿಸುತ್ತದೆ. ವಿಐಎ ವಿಟಿ8251ರಲ್ಲಿ ಎನ್‌ಸಿಕ್ಯೂ ಬಳಸುವುದೇ ಇಲ್ಲ. ಎನ್ವಿಡಿಯಾ ಎಂಸಿಪಿ65ರದು ಉಲ್ಟಾ: ಅಲ್ಲಿ ಎನ್‌ಸಿಕ್ಯೂವನ್ನು ಡ್ರೈವರೇ ಆನ್ ಮಾಡುತ್ತದೆ. ಅಂದರೆ ರಿಜಿಸ್ಟರ್ ಎರಡೂ ಕಡೆ ತಪ್ಪು ಹೇಳಬಹುದು, ಅಲ್ವಾ? ಇಂಥ ಒಂದೊಂದು ಸಾಲಿನ ಹಿಂದೆಯೂ ಯಾರೋ ಕೂತು ಪರೀಕ್ಷೆ ಮಾಡಿದ ಶ್ರಮ ಇದೆ.

ಹಾಟ್ ಪ್ಲಗ್ ಪೋರ್ಟ್‌ನಿಂದ ಪೋರ್ಟ್‌ಗೆ ಬೇರೆ. ಎಷ್ಟೋ ಬೋರ್ಡ್‌ಗಳಲ್ಲಿ ಅದನ್ನು ಬಯೋಸ್‌ನಲ್ಲಿ ಆನ್ ಮಾಡಬೇಕು.

ನಿಮ್ಮ ಮಷೀನ್‌ನಲ್ಲಿ ನೋಡುವುದು ಸುಲಭ. ಸ್ಮಾರ್ಟ್‌ಸಿಟಿಎಲ್ ಅನ್ನೋ ಕಮಾಂಡ್‌ಗೆ ಡ್ರೈವ್‌ನ ಮಾಹಿತಿ ಕೇಳಿ. ಸಾಟಾ ಸಾಲಿನಲ್ಲಿ ಎರಡು ವೇಗ ಕಾಣುತ್ತವೆ: ಡ್ರೈವ್‌ನ ಗರಿಷ್ಠ ವೇಗ, ಈಗ ಓಡುತ್ತಿರುವ ವೇಗ. ಮೊದಲನೆಯದು 6.0, ಎರಡನೆಯದು 3.0 ಇದ್ದರೆ ಪೋರ್ಟ್ ಹಳೆಯದು, ಇಲ್ಲವೇ ಕೇಬಲ್ ಕೆಟ್ಟಿದೆ.

ಒಮ್ಮೆ ನೋಡಿ ಸುಮ್ನೆ ಕೂರಬೇಡಿ. 2011ರ ಜನವರಿಯಲ್ಲಿ ಇಂಟೆಲ್ ತನ್ನ 6 ಸರಣಿಯ ಚಿಪ್‌ಸೆಟ್‌ನಲ್ಲಿ ದೋಷ ಇದೆ ಅಂತ ಪ್ರಕಟಿಸಿತು. ನಾಲ್ಕು 3 ಗಿಗಾಬಿಟ್ ಪೋರ್ಟ್‌ಗಳು ದಿನ ಕಳೆದಂತೆ ದುರ್ಬಲವಾಗುತ್ತಿದ್ದವು. 6 ಗಿಗಾಬಿಟ್‌ನ ಎರಡು ಪೋರ್ಟ್ ಚೆನ್ನಾಗಿದ್ದವು. ಹೊಸ ಬೋರ್ಡ್ ತಂದ ದಿನ ಎಷ್ಟೇ ಪರೀಕ್ಷೆ ಮಾಡಿದ್ದರೂ ಇದು ಸಿಗುತ್ತಿರಲಿಲ್ಲ.

ಎನ್‌ಸಿಕ್ಯೂ ಆನ್ ಇದೆಯಾ ತಿಳಿಯಲು ಲಿನಕ್ಸ್‌ನಲ್ಲಿ ಡ್ರೈವ್‌ನ 'ಕ್ಯೂ ಡೆಪ್ತ್' (ಒಮ್ಮೆಗೆ ಸಾಲಿನಲ್ಲಿ ನಿಲ್ಲಬಹುದಾದ ಆದೇಶಗಳ ಸಂಖ್ಯೆ) ನೋಡಿ. 31 ಅಥವಾ 32 ಇದ್ದರೆ ಆನ್ ಆಗಿದೆ. 1 ಇದ್ದರೆ ಚಿಪ್‌ನ ಮೇಲೆ ತಪ್ಪು ಹೊರಿಸುವ ಮೊದಲು ಬಯೋಸ್‌ಗೆ ಹೋಗಿ, ಕಂಟ್ರೋಲರ್ ಎಎಚ್‌ಸಿಐ ಬದಲು ಇನ್ನೂ ಹಳೆಯ ಐಡಿಇ ಮೋಡ್‌ನಲ್ಲಿದೆಯಾ ನೋಡಿ.